ನೆಲ ಮುಳುಗಿತು, ಪತ್ರ ಮುಳುಗಲಿಲ್ಲ: ರೀಲ್‌ಫುಟ್ ಸರೋವರದ ಕಥೆ

1/7
ಒಂದು ಪ್ರಶ್ನೆಯಿಂದ ಶುರು ಮಾಡೋಣ. ಕೆರೆಯಲ್ಲಿ ಈಜೋ ಮೀನು ಯಾರದು? ನೀರಿನ ಕೆಳಗಿರೋ ನೆಲದ ಪತ್ರ ಇಟ್ಟುಕೊಂಡವರದಾ, ಇಲ್ಲಾ ದಿನಾ ಗಾಳ, ಬಲೆ ಹಾಕಿ ಹೊಟ್ಟೆ ಹೊರೆಯೋರದಾ? ಇದೇ ಪ್ರಶ್ನೆಗೆ 1908ರಲ್ಲಿ ಅಮೆರಿಕದ ಒಂದು ಸರೋವರದ ದಡದಲ್ಲಿ ಕೊಲೆ ಆಗಿದೆ. ಸರೋವರದ ಹೆಸರು ರೀಲ್‌ಫುಟ್. ಟೆನೆಸ್ಸಿ ರಾಜ್ಯದ ವಾಯವ್ಯ ಮೂಲೆಯಲ್ಲಿ, ಮಿಸಿಸಿಪ್ಪಿ ನದಿಯ ಹತ್ತಿರ ಇದೆ. ಇವತ್ತು ಅಲ್ಲಿಗೆ ಜನ ಹೋಗೋದು ಕ್ರ್ಯಾಪಿ ಅನ್ನೋ ಮೀನು ಹಿಡಿಯೋಕೆ.

2/7
ಈ ಸರೋವರಕ್ಕೆ ಹುಟ್ಟಿದ ದಿನ ಇದೆ ಅಂದ್ರೆ ನಂಬ್ತೀರಾ? 1811ರ ಡಿಸೆಂಬರ್‌ನಿಂದ 1812ರ ಫೆಬ್ರವರಿವರೆಗೆ ಆ ಕಡೆ ನ್ಯೂ ಮ್ಯಾಡ್ರಿಡ್ ಭೂಕಂಪಗಳು ಒಂದರ ಮೇಲೊಂದು ಬಂದವು. ಫೆಬ್ರವರಿ 7ರದ್ದು ಭಾರೀ ಕಂಪನ. ಮಿಸಿಸಿಪ್ಪಿ ಸ್ವಲ್ಪ ಹೊತ್ತು ಹಿಂದಕ್ಕೆ ಹರೀತು ಅಂತ ದೋಣಿಯಲ್ಲಿದ್ದವರು ಹೇಳಿದ್ದಾರೆ. ಕಾಡಿದ್ದ ತಗ್ಗು ನೆಲ ಕುಸಿದು ನೀರು ತುಂಬಿಕೊಳ್ತು. ಮರಗಳು ನಿಂತಲ್ಲೇ ಮುಳುಗಿದವು. ಅವುಗಳ ಬೊಡ್ಡೆಗಳು ಈಗಲೂ ನೀರಿನಡಿಯಲ್ಲಿವೆ.

3/7
ಈಗ ಮೀನಿನ ವಿಷಯ. ಕ್ರ್ಯಾಪಿ ಅಂಗೈಗಿಂತ ಸ್ವಲ್ಪ ದೊಡ್ಡದು, ಚಪ್ಪಟೆ, ಬೆಳ್ಳಿ ಮೈಮೇಲೆ ಕಪ್ಪು ಚುಕ್ಕೆ. ಬಾಯಿ ಕಾಗದದಷ್ಟು ತೆಳು, ಜೋರಾಗಿ ಎಳೆದ್ರೆ ಹರಿದು ಮೀನು ತಪ್ಪಿಸಿಕೊಳ್ಳುತ್ತೆ. ವಸಂತದಲ್ಲಿ ಮೊಟ್ಟೆ ಇಡೋಕೆ ದಡಕ್ಕೆ ಬರುತ್ತೆ, ಆಗ ಹಿಡಿಯೋದು ಸುಲಭ. ಬೇಸಿಗೆ ಬಂತೋ, ಕಾಣೆ! (ಅಲ್ಲಿ ಬೇಸಿಗೆ ಅಂದ್ರೆ ಜೂನ್‌ನಿಂದ ಆಗಸ್ಟ್.)
ಆಳವಾದ ಸರೋವರದಲ್ಲಾದ್ರೆ ಮೇಲಿನ ನೀರು ಬಿಸಿ, ತಳದ ನೀರಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಕ್ರ್ಯಾಪಿ ನಡುವಿನ ತಂಪು ಪದರದ ಹತ್ತಿರ ನಿಲ್ಲುತ್ತೆ. ಆದ್ರೆ ರೀಲ್‌ಫುಟ್‌ನ ಬಹುಪಾಲು ಆಳವಿಲ್ಲದ ನೀರು. ಅಲ್ಲಿ ಮೀನು ನೆರಳು ಹುಡುಕಿ ಮುಳುಗಿದ ಬೊಡ್ಡೆಗಳ ಪಕ್ಕ, ನೈದಿಲೆ ಎಲೆಗಳ ಕೆಳಗೆ ಸೇರಿಕೊಳ್ಳುತ್ತೆ. ನಸುಕಿನಲ್ಲಿ ಇಲ್ಲವೇ ಸಂಜೆ, ಸಣ್ಣ ಜೀವಂತ ಮೀನು ಸಿಕ್ಕಿಸಿದ ಗಾಳವನ್ನ ಬೊಡ್ಡೆಯ ಪಕ್ಕ ನಿಧಾನಕ್ಕೆ ಇಳಿಬಿಡಬೇಕು. ಅದೂ ಮೀನಿಗಿಂತ ಸ್ವಲ್ಪ ಮೇಲೆ, ಯಾಕಂದ್ರೆ ಕ್ರ್ಯಾಪಿ ಮೇಲಕ್ಕೆ ನೋಡಿ ಬೇಟೆ ಹಿಡಿಯುತ್ತೆ.
ಅಂದ್ರೆ, 1812ರಲ್ಲಿ ಮುಳುಗಿದ ಕಾಡೇ ಇವತ್ತಿನ ಮೀನಿನ ಮನೆ.

4/7
ಯಾವ ಬೊಡ್ಡೆ ಎಲ್ಲಿದೆ ಅನ್ನೋದು ದಡದ ಜನಕ್ಕೆ ಬಾಯಿಪಾಠ. ಬೊಡ್ಡೆಗಳ ನಡುವೆ ನುಗ್ಗೋಕೆ ಅಂತಲೇ ಬೇರೆ ಥರದ ದೋಣಿ ಮಾಡ್ಕೊಂಡ್ರು. ಮುಂದಕ್ಕೆ ಮುಖ ಮಾಡಿ ಕೂತೇ ಹುಟ್ಟು ಹಾಕಬಹುದು! ಮೀನು, ಬಾತುಕೋಳಿ ಹಿಡಿದು ಮಾರಿ ಬದುಕ್ತಿದ್ರು. ಸರೋವರ ಎಲ್ಲರದೂ ಅಂತ ಅವರ ನಂಬಿಕೆ.
ಆದ್ರೆ ಪತ್ರ ಬೇರೆ ಹೇಳ್ತಿತ್ತು. ಟೆನೆಸ್ಸಿ ರಾಜ್ಯವಾಗೋಕೆ ಮುಂಚೆ, ಅಂದ್ರೆ 1796ಕ್ಕೂ ಹಿಂದೆ, ನಾರ್ತ್ ಕೆರೊಲಿನಾ ಅಲ್ಲಿನ ಜಮೀನನ್ನ ಮಂಜೂರು ಮಾಡಿತ್ತು. ಅದು ಚಿಕಸಾ ಜನರ ನೆಲ, ಅವರು ಬಿಟ್ಟುಕೊಟ್ಟಿದ್ದು 1818ರ ಒಪ್ಪಂದದಲ್ಲಿ. ಅವರನ್ನ ಯಾರೂ ಕೇಳಿರಲಿಲ್ಲ! ನೆಲ ಮುಳುಗಿತು, ಪತ್ರ ಮುಳುಗಲಿಲ್ಲ. ಆ ಹಳೇ ಹಕ್ಕುಗಳನ್ನೆಲ್ಲ ಕೊಂಡು ಒಟ್ಟುಮಾಡಿ ವೆಸ್ಟ್ ಟೆನೆಸ್ಸಿ ಲ್ಯಾಂಡ್ ಕಂಪನಿ ಸರೋವರವೇ ನಮ್ಮದು ಅಂತು. ತಲೆತಲಾಂತರದಿಂದ ಮೀನು ಹಿಡಿದವರು ಈಗ ಕಂಪನಿಯ ಷರತ್ತಿಗೆ ಒಪ್ಪಬೇಕಾಯ್ತು.

5/7
1908ರಲ್ಲಿ ಮುಖವಾಡ ಹಾಕಿದ ಗುಂಪುಗಳು ರಾತ್ರಿ ಕುದುರೆ ಏರಿ ಹೊರಟವು. ‘ನೈಟ್ ರೈಡರ್ಸ್’ ಅಂತ ಹೆಸರು. ಅಕ್ಟೋಬರ್ 19ರ ರಾತ್ರಿ ಕಂಪನಿಯ ಇಬ್ಬರು ವಕೀಲರನ್ನ ಹೋಟೆಲಿನಿಂದ ಎಳ್ಕೊಂಡು ಹೋದ್ರು. ಕ್ವಿಂಟನ್ ರ‍್ಯಾಂಕಿನ್ ಅವರನ್ನ ಮರಕ್ಕೆ ನೇತುಹಾಕಿ ಗುಂಡು ಹೊಡೆದ್ರು. ವಯಸ್ಸಾಗಿದ್ದ ಆರ್. ಝಡ್. ಟೇಲರ್ ನೀರಿಗೆ ಹಾರಿ ಜೀವ ಉಳಿಸಿಕೊಂಡ್ರು.
ಇಲ್ಲಿ ಒಂದು ಮಾತು. ಇದನ್ನ ‘ಬಡವರ ದಂಗೆ’ ಅಂತ ಹೊಗಳಿ ಮುಗಿಸೋಕಾಗಲ್ಲ. ಇದೇ ಮುಖವಾಡದ ಜನ ಆ ಭಾಗದ ಕಪ್ಪು ಜನರನ್ನೂ ಹೆದರಿಸಿ, ಹಿಂಸಿಸಿದ್ರು. ಸರೋವರಕ್ಕೂ ಅದಕ್ಕೂ ಏನು ಸಂಬಂಧ? ಅನ್ಯಾಯಕ್ಕೆ ಒಳಗಾದವರೂ ಅನ್ಯಾಯ ಮಾಡಬಲ್ಲರು.

6/7
ಗವರ್ನರ್ ಮಾಲ್ಕಮ್ ಪ್ಯಾಟರ್ಸನ್ ಸೈನಿಕರನ್ನ ಕಳಿಸಿದ್ರು. ಆರು ಜನಕ್ಕೆ ಗಲ್ಲು ಶಿಕ್ಷೆ ಆಯ್ತು. ಆದ್ರೆ 1909ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನ ರದ್ದು ಮಾಡ್ತು. ಯಾರೂ ಗಲ್ಲಿಗೇರಲಿಲ್ಲ. ಕೊನೆಗೆ 1914ರಲ್ಲಿ ಸರೋವರವನ್ನ ರಾಜ್ಯ ಸರ್ಕಾರ ತನ್ನ ವಶಕ್ಕೆ ತಗೊಂಡು ಸಾರ್ವಜನಿಕರಿಗೆ ಉಳಿಸ್ತು. ಈಗ ಲೈಸೆನ್ಸ್ ಇದ್ದು ನಿಯಮ ಪಾಲಿಸೋ ಯಾರು ಬೇಕಾದ್ರೂ ಅಲ್ಲಿ ಗಾಳ ಹಾಕಬಹುದು.

7/7
ಸೋ, ಯಾವತ್ತಾದ್ರೂ ಕ್ರ್ಯಾಪಿ ಹಿಡಿಯೋ ವಿಡಿಯೋ ಕಂಡ್ರೆ, ಗಾಳ ಇಳಿಯೋ ಆ ಬೊಡ್ಡೆ ನೋಡಿ. ಅದು ಭೂಕಂಪಕ್ಕೆ ಸಾಕ್ಷಿ, ಜಗಳಕ್ಕೂ ಸಾಕ್ಷಿ.
ನಮ್ಮಲ್ಲೂ ಕೆರೆಯ ಮೀನಿನ ಹಕ್ಕನ್ನ ಹರಾಜು, ಗುತ್ತಿಗೆ ಮೇಲೆ ಕೊಡ್ತಾರಲ್ಲ. ನಿಮ್ಮೂರ ಕೆರೆ ಯಾರ ಕೈಯಲ್ಲಿದೆ? ಗೊತ್ತಿಲ್ಲ ಅಂದ್ರೆ ಮನೇಲಿ ಅಜ್ಜನ್ನೋ ಅಜ್ಜಿನ್ನೋ ಕೇಳಿ. ಅವರು ಹೇಳಿದ್ದನ್ನ ಕೆಳಗೆ ಬರೀರಿ, ಓದ್ತೀನಿ.

#ಇತಿಹಾಸ #ಕೆರೆ_ಯಾರದು #ಕನ್ನಡದಲ್ಲಿ_ಓದಿ