ಟಿಕೆಟಿನ ಬೆನ್ನಿಗೆ ಬರೆದ ಬಾಕಿ

ಚಿಲ್ಲರೆ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಒಂದು, ಬಿಡಿ ಕಾಸು. ಇನ್ನೊಂದು, ಲೆಕ್ಕಕ್ಕೆ ಬಾರದ್ದು. ಚಿಲ್ಲರೆ ವಿಷಯ, ಚಿಲ್ಲರೆ ಜಗಳ, ಚಿಲ್ಲರೆ ಬುದ್ಧಿ ಎನ್ನುವಾಗ ನಾವು ಬಳಸುವುದು ಈ ಎರಡನೆಯದನ್ನು. ಬಿಡಿ ಕಾಸಿನ ಜಗಳಕ್ಕೆ ಇತಿಹಾಸದ ಪುಸ್ತಕಗಳಲ್ಲಿ ಜಾಗ ಸಿಗದಿರಲು ಬಹುಶಃ ಇದೂ ಒಂದು ಕಾರಣ. ಆದರೆ ಸರ್ಕಾರಿ ಬಸ್ಸಿನಲ್ಲಿ ಓಡಾಡುವ ಯಾರನ್ನಾದರೂ ಕೇಳಿ. ಪ್ರಯಾಣದ ಕಿರಿಕಿರಿಗಳ ಪಟ್ಟಿಯಲ್ಲಿ ಕಿಟಕಿ ಮುಚ್ಚದಿರುವುದು, ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುವುದು ಇವೆಲ್ಲ ಆಮೇಲೆ. ಮೊದಲು ಬರುವುದು ಚಿಲ್ಲರೆ.

ಆ ಸಂಭಾಷಣೆ ಎಲ್ಲರಿಗೂ ಬಾಯಿಪಾಠ. ಮೈಸೂರು ಕಡೆಯಾದರೆ, 'ಚಿಲ್ರೆ ಕೊಡಿ ಯಜಮಾನ್ರೇ, ಬೆಳಗ್ಗೆ ಬೆಳಗ್ಗೆನೇ ಎಲ್ಲಾರೂ ಇನ್ನೂರು ಕೊಟ್ರೆ ಎಲ್ಲಿಂದ ತರ್ಲಿ?' ಧಾರವಾಡ ಕಡೆಯಾದರೆ, 'ಚಿಲ್ಲರ ಇಲ್ರೀ ಅಜ್ಜಾರ, ಇಳಿಯೂ ಮುಂದ ತಗೋರಿ.' ಕಂಡಕ್ಟರ್ ಟಿಕೆಟ್ ತಿರುಗಿಸಿ, ಕಿವಿಯ ಸಂದಿನಿಂದ ಪೆನ್ನು ತೆಗೆದು, ಹಿಂಬದಿಯಲ್ಲಿ ಒಂದು ಅಂಕಿ ಗೀಚುತ್ತಾರೆ. ಅಲ್ಲಿಂದ ಇಳಿಯುವ ತನಕ ಆ ಪ್ರಯಾಣಿಕನಿಗೆ ನೆಮ್ಮದಿಯಿಲ್ಲ. ಕಣ್ಣು ಹೊರಗಿನ ಗದ್ದೆಯ ಮೇಲಿಲ್ಲ, ಕಂಡಕ್ಟರನ ಚರ್ಮದ ಚೀಲದ ಮೇಲಿದೆ.

ಈ ಜಗಳವನ್ನು ನಾವು ಸಾಮಾನ್ಯವಾಗಿ ಇಬ್ಬರ ಸ್ವಭಾವದ ಮೇಲೆ ಹಾಕುತ್ತೇವೆ. ಕಂಡಕ್ಟರ್ ನುಂಗುಕೋರ, ಇಲ್ಲವೇ ಪ್ರಯಾಣಿಕ ಜವಾಬ್ದಾರಿಯಿಲ್ಲದವನು. ಕಳೆದ ಎಂಬತ್ತು ವರ್ಷಗಳ ನಾಣ್ಯಗಳ ಕಥೆ ನೋಡಿದರೆ ಬೇರೆಯದೇ ಕಾಣುತ್ತದೆ. ಚಿಲ್ಲರೆಯ ಕೊರತೆ ಮತ್ತೆ ಮತ್ತೆ ಹುಟ್ಟಿದ್ದು ಬಸ್ಸಿನೊಳಗಲ್ಲ, ಬಹಳ ದೂರದಲ್ಲಿ. ಬೈಸಿಕೊಂಡವರು ಮಾತ್ರ ಸೀಟುಗಳ ನಡುವೆ ನಿಂತ ಇಬ್ಬರು.

ತೂತಿನ ಕಾಸಿನ ಕಾಲ

ಎರಡನೇ ಮಹಾಯುದ್ಧದ ಹೊತ್ತಿಗೆ ಲೋಹಕ್ಕೆ ಬೇಡಿಕೆ ಹೆಚ್ಚಿತು. ಕಾಗದದ ದುಡ್ಡಿನ ಮೇಲೆ ಜನರಿಗೆ ನಂಬಿಕೆ ಕಡಿಮೆಯಾಗಿ, ನಾಣ್ಯಗಳನ್ನು ಕೂಡಿಡತೊಡಗಿದರು. 1940ರಲ್ಲಿ ಬ್ರಿಟಿಷ್ ಸರ್ಕಾರ ಒಂದು ರೂಪಾಯಿಯ ನೋಟು ಹೊರಡಿಸಿತು. ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದನ್ನು ಅಪರಾಧವೆಂದಿತು. 1943ರಲ್ಲಿ ತಾಮ್ರ ಉಳಿಸಲು ನಡುವೆ ದೊಡ್ಡ ತೂತಿರುವ ಪೈಸೆ ಬಂತು. ನಮ್ಮ ಹಳ್ಳಿಗಳಲ್ಲಿ ಅದು ತೂತಿನ ಕಾಸು. ದಾರಕ್ಕೆ ಪೋಣಿಸಲು ಸಲೀಸಾದ್ದರಿಂದ ಮಕ್ಕಳ ಉಡಿದಾರವನ್ನೂ ಸೇರಿತು. ಚಿಲ್ಲರೆಗೆಂದು ಹುಟ್ಟಿದ ಕಾಸು ಹೀಗೆ ಒಡವೆಯೂ ಆಯಿತು.

ಆಗ ಇಂದಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬಸ್ಸುಗಳೂ ಹಾಗೆಯೇ. ನಿಜಾಮ್ ಸಂಸ್ಥಾನದಲ್ಲಿ ರೈಲ್ವೆಯ ಅಂಗವಾಗಿ 1932ರಲ್ಲಿ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರುವಾಯಿತು. ಮೈಸೂರಿನಲ್ಲಿ ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು. ಕರಾವಳಿಯಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು.

ಬೀದರ್, ಕಲಬುರಗಿ, ರಾಯಚೂರಿನ ಜನರಿಗೆ ಇದರ ಜೊತೆಗೆ ಇನ್ನೊಂದು ತೊಡಕಿತ್ತು. ಅವರ ಕೈಯಲ್ಲಿದ್ದದ್ದು ನಿಜಾಮನ ಹಾಲಿ ರೂಪಾಯಿ. ಗಡಿಯಾಚೆ ನಡೆಯುತ್ತಿದ್ದುದು ಕಲ್ದಾರ್, ಅಂದರೆ ಬ್ರಿಟಿಷ್ ಭಾರತದ ರೂಪಾಯಿ. 1950ರಲ್ಲಿ ಭಾರತದ ರೂಪಾಯಿ ಅಲ್ಲಿಗೂ ಬಂದಾಗ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬ ಲೆಕ್ಕ ನಡೆಯಿತು. ಅಂದರೆ ಒಂದು ಹಾಲಿ ರೂಪಾಯಿಗೆ ಹದಿನಾಲ್ಕು ಆಣೆಗೆ ತುಸು ಕಡಿಮೆ. ಏಳರಿಂದ ಭಾಗಿಸಿದ ಈ ಲೆಕ್ಕವನ್ನು ಸಂತೆಗೆ ಹೊರಟ ರೈತ ಬಾಯಲ್ಲೇ ಮಾಡಬೇಕಿತ್ತು. ಹಾಲಿ ನಾಣ್ಯ ಪೂರ್ತಿ ರದ್ದಾಗಿದ್ದು 1959ರಲ್ಲಿ.

ಒಂದು ಪೈಸೆಯ ಗಲಾಟೆ

ಚಿಲ್ಲರೆಗೆಂದು ಜಗಳಾಡುವುದು ಸಣ್ಣತನ ಎನ್ನುವವರು ಕಲ್ಕತ್ತೆಯ 1953ರ ಕಥೆ ಕೇಳಬೇಕು. ಅಲ್ಲಿನ ಟ್ರಾಮ್ ಓಡಿಸುತ್ತಿದ್ದುದು ಬ್ರಿಟಿಷ್ ಕಂಪನಿ. ಅದು ಎರಡನೇ ದರ್ಜೆಯ ಟಿಕೆಟ್ ದರವನ್ನು ಒಂದು ಪೈಸೆ ಏರಿಸಿತು. ನಗರವೇ ಬೀದಿಗಿಳಿಯಿತು. ಜನ ಏರಿಕೆಯ ಪೈಸೆ ಕೊಡಲು ಒಪ್ಪಲಿಲ್ಲ, ಟ್ರಾಮ್‌ಗಳಿಗೆ ಬೆಂಕಿ ಬಿತ್ತು, ಮುಷ್ಕರ ನಡೆಯಿತು. ಕೊನೆಗೆ ಏರಿಕೆ ನಿಂತಿತು. ಎರಡನೇ ದರ್ಜೆಯಲ್ಲಿ ಕೂರುವವನು ದಿನಕ್ಕೆ ಎರಡು ಬಾರಿ, ತಿಂಗಳಿಗೆ ಇಪ್ಪತ್ತೈದು ದಿನ ಓಡಾಡುತ್ತಾನೆ. ಒಂದು ಪೈಸೆಯನ್ನು ಹಾಗೆ ಗುಣಿಸಿದರೆ ಅವನಿಗದು ಚಿಲ್ಲರೆಯಲ್ಲ.

ಆರೂಕಾಲು ನಯಾಪೈಸೆ

1957ರ ಏಪ್ರಿಲ್ 1ರಂದು ದೇಶದ ಲೆಕ್ಕವೇ ಬದಲಾಯಿತು. ಅಲ್ಲಿಯ ತನಕ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ. ಇನ್ನು ಮುಂದೆ ರೂಪಾಯಿಗೆ 100 ನಯಾಪೈಸೆ. ಕಾಗದದ ಮೇಲೆ ಎಷ್ಟು ಸುಲಭ! ಆದರೆ 100ನ್ನು 16ರಿಂದ ಭಾಗಿಸಿದರೆ ಬರುವುದು ಆರೂಕಾಲು. ಕಾಲು ನಯಾಪೈಸೆಯ ನಾಣ್ಯ ಎಲ್ಲಿದೆ?

ಅದಕ್ಕಾಗಿ ಸರ್ಕಾರ ಒಂದು ಪರಿವರ್ತನೆಯ ಪಟ್ಟಿ ಹೊರಡಿಸಿತು. ಒಂದಾಣೆಗೆ 6 ನಯಾಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಆಣೆಯ ವಸ್ತುವನ್ನು ಮೂರು ಸಲ ಕೊಂಡರೆ 18, ಒಟ್ಟಿಗೆ ಮೂರಾಣೆಯದ್ದು ಕೊಂಡರೆ 19. ಆಣೆಯದ್ದನ್ನೇ ನಾಲ್ಕು ಸಲ ಕೊಂಡರೆ 24, ಒಟ್ಟಿಗೆ ಕೊಂಡರೆ 25. ದೆಹಲಿಯ ಕಚೇರಿಯಲ್ಲಿ ದಶಮಾಂಶದ ಮುಂದೆ ನಿಂತ ಈ ತುಣುಕು ಅಂಗಡಿಯ ಕಟ್ಟೆಗೆ, ಬಸ್ಸಿನ ಮೆಟ್ಟಿಲಿಗೆ ಬಂದು ಬಿತ್ತು. ಹಳೆಯ ಮತ್ತು ಹೊಸ ನಾಣ್ಯಗಳು ಕೆಲವು ವರ್ಷ ಜೊತೆಯಲ್ಲೇ ಓಡಾಡಿದ್ದರಿಂದ, ಆಣೆ ಕೊಟ್ಟವರಿಗೆ ಬಾಕಿ ಬರುತ್ತಿದ್ದುದು ನಯಾಪೈಸೆಯಲ್ಲಿ. ಅಕ್ಷರ ಬಾರದವರಿಗೆ ಇದು ಎಂಥ ಗೋಜಲು ಎಂದು ಊಹಿಸಿ.

1964ರಲ್ಲಿ ನಯಾ ಎಂಬ ಪದ ಅಧಿಕೃತವಾಗಿ ಬಿದ್ದುಹೋಯಿತು. ನಮ್ಮ ಬಾಯಲ್ಲಿ ಬೀಳಲಿಲ್ಲ. 'ನಯಾಪೈಸೆ ಕೊಡಲ್ಲ' ಎಂದು ಈಗಲೂ ಅನ್ನುತ್ತೇವೆ. ಆಣೆ ಹೋಗಿ ಎಷ್ಟೋ ವರ್ಷಗಳಾದ ಮೇಲೂ 25 ಪೈಸೆ ನಾಲ್ಕಾಣೆಯೇ, 50 ಪೈಸೆ ಎಂಟಾಣೆಯೇ. ಉತ್ತರ ಕರ್ನಾಟಕದಲ್ಲಿ ಚಾರಾಣೆ, ಆಠಾಣೆ. ಸರ್ಕಾರ ನಾಣ್ಯ ಹಿಂದಕ್ಕೆ ಪಡೆಯಬಹುದು, ಹೆಸರನ್ನು ಪಡೆಯಲಾಗದು.

ಕೊರಿಯಾದಿಂದ ಬಂದ ಎಂಟಾಣೆ

ಆಮೇಲಿನದು ನಾಣ್ಯಗಳು ಸಣಕಲಾದ ಕಥೆ. ಲೋಹದ ಬೆಲೆ ಏರಿದಂತೆ 1960ರ ದಶಕದ ನಡುವಿನಲ್ಲಿ ಪುಡಿ ನಾಣ್ಯಗಳು ಅಲ್ಯೂಮಿನಿಯಂಗೆ ಇಳಿದವು. ಆರು ಮೂಲೆಯ ಮೂರು ಪೈಸೆ, ಅಂಚು ಅಲೆಅಲೆಯಾದ ಹತ್ತು ಪೈಸೆ ನೆನಪಿರುವವರು ಇನ್ನೂ ಇದ್ದಾರೆ. ಆದರೂ ಟಂಕಸಾಲೆಗಳು ಬೇಡಿಕೆಗೆ ಸಾಲಲಿಲ್ಲ. 1980ರ ದಶಕದಲ್ಲಿ ಕೊರತೆ ಎಷ್ಟಿತ್ತೆಂದರೆ, 1985ರ ಒಂದು ರೂಪಾಯಿ ನಾಣ್ಯಗಳಲ್ಲಿ ಒಂದಷ್ಟನ್ನು ಬ್ರಿಟನ್ನಿನಲ್ಲಿ, ಐವತ್ತು ಪೈಸೆಯ ಒಂದಷ್ಟನ್ನು ದಕ್ಷಿಣ ಕೊರಿಯಾದಲ್ಲಿ ಅಚ್ಚು ಹಾಕಿಸಿ ತರಿಸಬೇಕಾಯಿತು. ನೋಯ್ಡಾದಲ್ಲಿ ಹೊಸ ಟಂಕಸಾಲೆ ಬಂದದ್ದು 1988ರಲ್ಲಿ. ಅಂದು ನಮ್ಮೂರ ಬಸ್ಸಿನಲ್ಲಿ ಎಂಟಾಣೆಗಾಗಿ ಕಂಡಕ್ಟರನಿಗೆ ಬೈದವರಿಗೆ ಆ ಎಂಟಾಣೆ ಹಡಗಿನಲ್ಲಿ ಬರಬೇಕಿತ್ತೆಂದು ಹೇಗೆ ಗೊತ್ತಾಗಬೇಕು?

ಚೀಲದ ಆಚೆ ಬದಿ

ಕಂಡಕ್ಟರನ ಕಡೆಯಿಂದಲೂ ಒಮ್ಮೆ ನೋಡೋಣ. ಡ್ಯೂಟಿ ಹತ್ತುವಾಗ ಜೇಬಿನಲ್ಲಿರುವ ಸ್ವಂತ ಹಣ ಎಷ್ಟೆಂದು ವೇಬಿಲ್ಲಿನಲ್ಲಿ ಬರೆಯಬೇಕು. ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ಟಿಕೆಟ್ ಲೆಕ್ಕಕ್ಕೂ ಚೀಲದ ಹಣಕ್ಕೂ ತಾಳೆ ನೋಡುತ್ತಾರೆ. ಕಡಿಮೆ ಬಂದರೆ ತಪ್ಪು, ಹೆಚ್ಚು ಬಂದರೂ ತಪ್ಪು. ಹೀಗಾಗಿ ಪ್ರಯಾಣಿಕರಿಗೆ ಕೊಡದೆ ಉಳಿದ ಬಾಕಿ ಕಂಡಕ್ಟರನಿಗೂ ತಲೆನೋವೇ. ಹತ್ತು ಜನರ ಐದೈದು ರೂಪಾಯಿ ಚೀಲದಲ್ಲಿದ್ದರೆ, ಅದು ಬಾಕಿಯೋ ಟಿಕೆಟ್ ಕೊಡದೆ ಪಡೆದ ದುಡ್ಡೋ ಎಂದು ಅಲ್ಲೇ ವಿವರಣೆ ಕೊಡಬೇಕು.

ದೆಹಲಿಯಲ್ಲಿ 1973ರಲ್ಲಿ ಕಂಡಕ್ಟರ್ ಒಬ್ಬರ ಮೇಲೆ, 15 ಪೈಸೆ ಪಡೆದು 10 ಪೈಸೆಯ ಟಿಕೆಟ್ ಕೊಟ್ಟ ಆರೋಪ ಬಂತು. ಐದು ಪೈಸೆಯ ವ್ಯತ್ಯಾಸ. ಕೆಲಸ ಹೋಯಿತು. ಕಾರ್ಮಿಕ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟರೂ ಸಂಸ್ಥೆ ಬಿಡಲಿಲ್ಲ. ಮೊಕದ್ದಮೆ ನಾಲ್ಕು ದಶಕ ನಡೆದು 2016ರಲ್ಲೂ ಸುದ್ದಿಯಲ್ಲಿತ್ತು. ಅಷ್ಟರಲ್ಲಿ ಐದು ಪೈಸೆಯ ನಾಣ್ಯವೇ ಚಲಾವಣೆಯಿಂದ ಹೋಗಿತ್ತು.

ಇಂಥ ವ್ಯವಸ್ಥೆಯಲ್ಲಿ ಕಂಡಕ್ಟರ್ ಮತ್ತು ಪ್ರಯಾಣಿಕ ತಮ್ಮತಮ್ಮಲ್ಲೇ ಕಂಡುಕೊಂಡ ಉಪಾಯವೇ ಟಿಕೆಟಿನ ಬೆನ್ನಿಗೆ ಬರೆಯುವ ಅಂಕಿ. ಅದಕ್ಕೆ ಮೊಹರಿಲ್ಲ, ಸಾಕ್ಷಿಯಿಲ್ಲ. ಬರೆದವರು ಮರೆತಿರಬಹುದು, ಹಿಡಿದವರು ತಿದ್ದಿರಬಹುದು. ಆದರೂ ಹೆಚ್ಚಿನ ಸಲ ಇಳಿಯುವಾಗ ದುಡ್ಡು ಕೈಗೆ ಬರುತ್ತದೆ. ಹಾಗೆ ಬಂದಾಗ ಆಗುವ ಸಂತೋಷ ನಮ್ಮದೇ ದುಡ್ಡು ಬಂದದ್ದರಂತಲ್ಲ, ಲಾಭವಾದಂತೆ. ಇನ್ನೊಂದು ಉಪಾಯವೂ ಇದೆ. ಮೂವರಿಗೆ ಸೇರಿಸಿ ಒಂದು ನೋಟು ಕೊಟ್ಟು 'ಹಂಚ್ಕೊಳ್ಳಿ' ಎನ್ನುವುದು. ಆ ಮೂವರು ಅಪರಿಚಿತರು ಬಸ್ ಸ್ಟ್ಯಾಂಡಿನ ಗೂಡಂಗಡಿಗೆ ಒಟ್ಟಿಗೆ ನಡೆಯುತ್ತಾರೆ. ಚಿಲ್ಲರೆಗೆಂದು ಚಹಾ ಕುಡಿಯುತ್ತಾರೆ. ಊರು, ಮನೆ, ಮಳೆ ಎಂದು ಮಾತು ಶುರುವಾಗುತ್ತದೆ. ಚಿಲ್ಲರೆಯ ಕೊರತೆ ಇಷ್ಟು ಉಪಕಾರವನ್ನಾದರೂ ಮಾಡಿದೆ.

ಬಣ್ಣಬಣ್ಣದ ಟಿಕೆಟುಗಳನ್ನು ಹರಿದು ಕೊಡುತ್ತಿದ್ದ ಕಾಲ ಹೋಗಿ ಯಂತ್ರದ ಟಿಕೆಟ್ ಬಂತು. ಕಾಗದ ತೆಳುವಾಯಿತು, ಮುಂಬದಿಯ ಅಕ್ಷರ ಬಿಸಿಲಿಗೆ ಮಾಸತೊಡಗಿತು. ಹಿಂಬದಿಯ ಪೆನ್ನಿನ ಅಂಕಿ ಮಾತ್ರ ಹಾಗೇ ಉಳಿಯಿತು.

ಹತ್ತರ ನಾಣ್ಯ, ಐನೂರರ ನೋಟು

2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ರದ್ದಾದವು. ಐವತ್ತು ಪೈಸೆ ಕಾನೂನಿನ ಪ್ರಕಾರ ಇನ್ನೂ ಬದುಕಿದೆ, ಅಂಗಡಿಯಲ್ಲಿ ಸತ್ತಿದೆ. ಆ ಜಾಗಕ್ಕೆ ಚಾಕಲೇಟು ಬಂತು. ಬಸ್ಸಿನಲ್ಲಿ ಚಾಕಲೇಟೂ ಇಲ್ಲ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ ಕೆಲವು ಕಡೆ ಮಾತ್ರ ಹಳೆಯ ನೋಟಿಗೆ ವಿನಾಯಿತಿಯಿತ್ತು. ಅವುಗಳಲ್ಲಿ ಎರಡು, ಸರ್ಕಾರಿ ಆಸ್ಪತ್ರೆ ಮತ್ತು ಸರ್ಕಾರಿ ಬಸ್ಸಿನ ಟಿಕೆಟ್. ಬಡವರಿಗೆ ಅನುಕೂಲವಾಗಲೆಂದೇ ಕೊಟ್ಟ ವಿನಾಯಿತಿ ಅದು. ಆದರೆ ತಾಲ್ಲೂಕು ಆಸ್ಪತ್ರೆಗೆ ಹೊರಟ ಮುದುಕಿ ಸಣ್ಣ ಮೊತ್ತದ ಟಿಕೆಟಿಗೆ ಐನೂರು ಚಾಚಿದರೆ ಕಂಡಕ್ಟರ್ ಏನು ಮಾಡಬೇಕು? ದೇಶಕ್ಕೇ ಇಲ್ಲದ ಚಿಲ್ಲರೆ ಅವರ ಚೀಲದಲ್ಲಿ ಎಲ್ಲಿಂದ ಬರಬೇಕು?

ಅದೇ ಹೊತ್ತಿಗೆ ಹತ್ತು ರೂಪಾಯಿಯ ನಾಣ್ಯದ ಗಾಳಿಸುದ್ದಿಯೂ ಹಬ್ಬಿತು. ರೂಪಾಯಿ ಚಿಹ್ನೆ ಇಲ್ಲದ್ದು ನಕಲಿ, ಇಷ್ಟು ಗೆರೆ ಇರುವುದು ನಕಲಿ ಎಂದು. 14 ವಿನ್ಯಾಸದ ನಾಣ್ಯಗಳೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಆದರೂ ನಮ್ಮ ಎಷ್ಟೋ ಊರುಗಳ ಅಂಗಡಿಯವರು 'ಇದು ನಡಿಯಲ್ಲ' ಎಂದು ತಳ್ಳುತ್ತಲೇ ಇದ್ದರು. ಚಿಲ್ಲರೆ ಇದ್ದೂ ಇಲ್ಲದಂತಾದ ವಿಚಿತ್ರ ಕಾಲವದು.

ಈಗ ಯಾರ ಬಾಕಿ?

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್. ಅದರ ಬಗೆಗಿನ ಚರ್ಚೆಗಳಲ್ಲಿ ಖರ್ಚು, ನೂಕುನುಗ್ಗಲು, ತಿರುಗಾಟ ಎಲ್ಲ ಬಂದವು. ಕೂಲಿ ಹೆಂಗಸಿಗೆ ಬೆಳಗಿನ ಬಸ್ಸಿನ ಚಿಲ್ಲರೆ ಜಗಳ ತಪ್ಪಿತೆಂಬುದು ಚರ್ಚೆಗೆ ಬಂದದ್ದು ಕಡಿಮೆ. ಸೆರಗಿನ ಗಂಟಿನಲ್ಲಿ ನಾಲ್ಕು ನಾಣ್ಯ ಎಣಿಸಿಟ್ಟುಕೊಂಡು ಹೊರಡುತ್ತಿದ್ದವರಿಗೆ ಇದು ಸಣ್ಣ ನೆಮ್ಮದಿಯಲ್ಲ.

ಗಂಡಸರಿಗೆ ಯುಪಿಐ ಬಂದಿದೆ. ಕಂಡಕ್ಟರನ ಯಂತ್ರದಲ್ಲೋ ಕೊರಳ ಕಾರ್ಡಿನಲ್ಲೋ ಇರುವ ಚೌಕ ತೋರಿಸಿ, ಮೊಬೈಲ್ ಹಿಡಿದರೆ ಹದಿಮೂರಕ್ಕೆ ಹದಿಮೂರೇ ಹೋಗುತ್ತದೆ. ಆದರೆ ಘಾಟಿಯ ತಿರುವಿನಲ್ಲಿ ನೆಟ್‌ವರ್ಕ್ ಇಲ್ಲ. ಕೀಪ್ಯಾಡ್ ಫೋನಿನ ಯಜಮಾನರಿಗೆ ಆ ಚೌಕವೇ ಅರ್ಥವಾಗದು. ಉಳಿದವರೆಲ್ಲ ಮೊಬೈಲಿಗೆ ಹೋದಷ್ಟೂ ಕಂಡಕ್ಟರನ ಚೀಲದಲ್ಲಿ ಬಿಡಿ ಕಾಸು ಕಡಿಮೆ. ನಗದು ಹಿಡಿದು ಬರುವ ಕೊನೆಯ ಕೆಲವರಿಗೆ ಚಿಲ್ಲರೆ ಸಿಗುವುದು ಮೊದಲಿಗಿಂತ ಕಷ್ಟ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಬಡವರು.

ಪರಿಹಾರ ದೊಡ್ಡದೇನಲ್ಲ. ಬೆಳಗಿನ ಮೊದಲ ಟ್ರಿಪ್ಪಿಗೆ ಡಿಪೋದಲ್ಲೇ ಸಾಕಷ್ಟು ಚಿಲ್ಲರೆ ಎಣಿಸಿ ಕೊಟ್ಟು ಕಳಿಸುವುದು. ಕೊಡಲಾಗದ ಬಾಕಿಯನ್ನು ಪೆನ್ನಿನಲ್ಲಲ್ಲ, ಯಂತ್ರದ ಟಿಕೆಟಿನಲ್ಲೇ ಅಚ್ಚಾಗಿಸಿ, ಯಾವ ನಿಲ್ದಾಣದ ಕೌಂಟರಿನಲ್ಲಾದರೂ ಪಡೆಯುವಂತೆ ಮಾಡುವುದು. ಆಗ ಕಂಡಕ್ಟರನಿಗೆ ಚೆಕಿಂಗ್‌ನವರ ಭಯವಿಲ್ಲ, ಪ್ರಯಾಣಿಕನಿಗೆ ಚೀಲ ಕಾಯುವ ಕೆಲಸವಿಲ್ಲ. ಸಾರಿಗೆ ಸಂಸ್ಥೆಗಳು ಇದನ್ನು ಚಿಲ್ಲರೆ ವಿಷಯವೆಂದು ಬದಿಗಿಡಬಾರದು. ಅಲ್ಲಿಯ ತನಕ, ಬಸ್ಸು ಇಳಿಯುವ ಮುಂಚೆ ಟಿಕೆಟ್ ಒಮ್ಮೆ ತಿರುಗಿಸಿ ನೋಡಿ. ಪಕ್ಕದಲ್ಲಿ ನಿದ್ದೆ ಹತ್ತಿದ ಅಜ್ಜನ ಕೈಲಿರುವ ಟಿಕೆಟನ್ನೂ.