ಕಾವಲಿನ ಕರಾರು: ಬ್ರಿಟನ್ನಿನ ಭದ್ರತಾ ನೀತಿ, ಹಲಸೂರಿನಿಂದ ವಿಮಾನಪುರದವರೆಗೆ

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ದಿನ ‘ವಿಷನ್ 2035’ ಎಂಬ ಇನ್ನೊಂದು ದಸ್ತಾವೇಜನ್ನೂ ಎರಡು ಸರಕಾರಗಳು ಒಪ್ಪಿಕೊಂಡವು. ವಿಸ್ಕಿಯ ಸುಂಕ, ಕಾರಿನ ಸುಂಕದ ಚರ್ಚೆ ಊರೆಲ್ಲ ನಡೆಯಿತು. ರಕ್ಷಣಾ ಉದ್ಯಮ ಮತ್ತು ಜೆಟ್ ಎಂಜಿನ್ ತಂತ್ರಜ್ಞಾನದ ಬಗ್ಗೆ ಆ ದಸ್ತಾವೇಜಿನಲ್ಲಿದ್ದ ಮಾತುಗಳು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಬೆಂಗಳೂರಿನವರಾದರೂ ಅದನ್ನು ಗಮನಿಸಬೇಕು. ಈ ನಗರದ ಪೂರ್ವಾರ್ಧ ಹುಟ್ಟಿ ಬೆಳೆದದ್ದೇ ಬ್ರಿಟನ್ನಿನ ಭದ್ರತಾ ನೀತಿಯಿಂದ. ಹಲಸೂರಿನ ಪರೇಡ್ ಮೈದಾನ, ಶಿವಾಜಿನಗರದ ಮಾರುಕಟ್ಟೆ, ವಿಮಾನಪುರದ ಕಾರ್ಖಾನೆ, ಈ ಮೂರಕ್ಕೂ ಆ ನೀತಿಯ ಒಂದೊಂದು ಕಾಲದ ನಂಟಿದೆ. ಇನ್ನೂರ ಇಪ್ಪತ್ತೈದು ವರ್ಷಗಳಲ್ಲಿ ಅದು ಹೇಗೆ ಬದಲಾಯಿತು, ಯಾವುದು ಬದಲಾಗಲಿಲ್ಲ ಎಂದು ನೋಡುವುದು ಈ ಲೇಖನದ ಕೆಲಸ.

ಬೇರು ಯುರೋಪಿನ ಜಗಳದಲ್ಲಿದೆ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಅದೇ ವರ್ಷ ಟಿಪ್ಪುವಿನ ದೂತರು ಮಾರಿಷಸ್ಸಿನ ಫ್ರೆಂಚರಲ್ಲಿ ನೆರವು ಕೇಳಿದರು. ಭಾರತದ ಯಾವ ಅರಸನ ಪಕ್ಕದಲ್ಲೂ ಫ್ರೆಂಚ್ ಅಧಿಕಾರಿಯೊಬ್ಬ ಇರಕೂಡದು ಎಂಬುದು ಆ ಹೊತ್ತಿನ ಬ್ರಿಟಿಷ್ ನಿಲುವು. 1784ರ ಕಾಯ್ದೆಯ ನಂತರ ಕಂಪನಿಯ ರಾಜಕೀಯ ವ್ಯವಹಾರದ ಮೇಲೆ ಲಂಡನ್ನಿನ ಬೋರ್ಡ್ ಆಫ್ ಕಂಟ್ರೋಲಿನ ಹಿಡಿತವಿತ್ತು. ಆದ್ದರಿಂದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ನಡೆಸಿದ್ದನ್ನು ಬರೀ ವರ್ತಕರ ನೀತಿ ಎನ್ನಲಾಗದು. ಅದು ಒಂದು ಸರಕಾರದ ನೀತಿಯೇ ಆಗಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜುಲೈ 8ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಸಹಾಯಕ ಸೈನ್ಯದ ಒಪ್ಪಂದವಾಯಿತು. ಈ ಒಪ್ಪಂದವನ್ನು ನಮ್ಮ ಶಾಲಾ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ. ನಿಜಕ್ಕೂ ಇದನ್ನು ಕಲಮು ಕಲಮಾಗಿ ಓದಬೇಕು. ಮೈಸೂರಿನ ರಕ್ಷಣೆಗೆಂದು ಕಂಪನಿ ಸೈನ್ಯ ಇಡುತ್ತದೆ. ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಾಹ ಕೊಡಬೇಕು, ಹನ್ನೆರಡು ಕಂತುಗಳಲ್ಲಿ. ರೂಪಾಯಿ ಲೆಕ್ಕದಲ್ಲಿ ಇದು ಸುಮಾರು 24.5 ಲಕ್ಷ, ಗೆದ್ದ ನಾಡನ್ನು ಹಂಚಿಕೊಳ್ಳುವಾಗ ಲೆಕ್ಕಪತ್ರದಲ್ಲಿ ತೋರಿಸಿದ ರಾಜ್ಯದ ಹುಟ್ಟುವಳಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಯುದ್ಧ ಬಂದರೆ ಮೇಲೆ ಇನ್ನಷ್ಟು. ಕಂಪನಿಗೆ ತಿಳಿಸದೆ ಬೇರೆ ಯಾವ ರಾಜ್ಯದೊಡನೆಯೂ ಪತ್ರವ್ಯವಹಾರ ಕೂಡದು, ಒಪ್ಪಿಗೆಯಿಲ್ಲದೆ ಯುರೋಪಿಯನ್ನರನ್ನು ನೌಕರಿಗೆ ಸೇರಿಸಿಕೊಳ್ಳಕೂಡದು. ಇವೆಲ್ಲಕ್ಕಿಂತ ಗಟ್ಟಿಯಾದ ಕಲಮು ಇನ್ನೊಂದಿತ್ತು: ಈ ವಾರ್ಷಿಕ ಪೊಗದಿ ನಿಲ್ಲಬಹುದೆಂಬ ಅನುಮಾನ ಗವರ್ನರ್ ಜನರಲ್ಲಿಗೆ ಬಂದರೂ ಸಾಕು, ಅವರು ರಾಜ್ಯದ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಳ್ಳಬಹುದು. ಖರ್ಚು ಮೈಸೂರಿನದು, ಹುಕುಂ ಬ್ರಿಟಿಷರದು. 1807ರ ಪೂರಕ ಒಪ್ಪಂದ ಇದಕ್ಕೆ 4,000 ಸಿಲ್ಲೇದಾರ್ ಕುದುರೆ ಸವಾರರನ್ನು ಸಾಕುವ ಹೊಣೆಯನ್ನೂ ಸೇರಿಸಿತು.

ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿದ ಸೈನ್ಯ 1809ರ ಹೊತ್ತಿಗೆ ಹಲಸೂರಿನ ಬಳಿ ಬಂದು ನೆಲೆಸಿತು. ಎತ್ತರದ ತಂಪು ನೆಲ, ಕೆರೆಯ ನೀರು, ಪೂರ್ವಕ್ಕೆ ಕೃಷ್ಣರಾಜಪುರದ ಮೇಲೆ ಮದರಾಸಿಗೆ ಹೋಗುವ ದಾರಿ, ದಂಡಿಗೆ ಬೇಕಾದ್ದೆಲ್ಲ ಇಲ್ಲಿತ್ತು. ಮದರಾಸಿನ ಪಲ್ಟನ್ನುಗಳ ಹಿಂದೆ ತಮಿಳು ಗುತ್ತಿಗೆದಾರರು, ಉರ್ದು ಮಾತಾಡುವ ಕುಶಲಕರ್ಮಿಗಳು, ಕಟುಕರು, ದರ್ಜಿಗಳು, ಕುದುರೆ ಲಾಯದವರು ಬಂದರು. ಆಗ ಬ್ಲ್ಯಾಕ್‌ಪಲ್ಲಿ ಎನ್ನಿಸಿಕೊಂಡಿದ್ದ ಶಿವಾಜಿನಗರ ಬೆಳೆದದ್ದು ಹೀಗೆ. ಬೆಂಗಳೂರಿನಲ್ಲಿ ಪೇಟೆ, ದಂಡು ಎಂಬ ಎರಡು ಊರುಗಳಾಗಿದ್ದನ್ನು ಇತಿಹಾಸಕಾರರು ಬಹಳ ಬರೆದಿದ್ದಾರೆ. ಜಾನಕಿ ನಾಯರ್ ಅವರ ಪುಸ್ತಕ ಅವುಗಳಲ್ಲಿ ಮುಖ್ಯವಾದದ್ದು. ಆದರೆ ದಂಡನ್ನು ಒಂದು ವಿದೇಶಾಂಗ ಒಪ್ಪಂದದ ಫಲವೆಂದು ಓದುವ ರೂಢಿ ನಮ್ಮಲ್ಲಿ ಇನ್ನೂ ಬೆಳೆಯಬೇಕಾಗಿದೆ.

1815ರಲ್ಲಿ ನೆಪೋಲಿಯನ್ ಸೋತ. ಫ್ರೆಂಚರ ಭಯ ಮುಗಿಯಿತು. ದಂಡು ಮಾತ್ರ ಕದಲಲಿಲ್ಲ, ಪೊಗದಿಯೂ ಇಳಿಯಲಿಲ್ಲ. ಭದ್ರತೆಗಾಗಿ ಒಮ್ಮೆ ಮಾಡಿಕೊಂಡ ಏರ್ಪಾಡು ಅದರ ಕಾರಣ ಹೋದ ಮೇಲೂ ಉಳಿದೇ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಕಾಣದು. ಮೈಸೂರಿನ ಕುದುರೆ ಸವಾರರು 1803ರ ಮರಾಠಾ ಯುದ್ಧಕ್ಕೂ 1817ರ ಪಿಂಡಾರಿ ಯುದ್ಧಕ್ಕೂ ಹೋದರು. ಎರಡೂ ಮೈಸೂರಿನ ಜಗಳವಾಗಿರಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆಗೆ ದಂಗೆಯೆದ್ದಾಗ ಆ ಗಟ್ಟಿ ಕಲಮು ಕೆಲಸಕ್ಕೆ ಬಂತು. 1831ರಲ್ಲಿ ಬೆಂಟಿಂಕ್ ರಾಜ್ಯದ ಆಡಳಿತ ವಹಿಸಿಕೊಂಡರು. ಆ ಕಂದಾಯದ ಹೊರೆಯಲ್ಲಿ ಪೊಗದಿಯ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಯಾರೂ ಮರೆಯಬಾರದು.

ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. ಮಾರ್ಕ್ ಕಬ್ಬನ್, ಆಮೇಲೆ ಲೂಯಿನ್ ಬೌರಿಂಗ್. ಕಬ್ಬನ್ ಕಟ್ಟಿಸಿದ ಮನೆ ಮುಂದೆ ರೆಸಿಡೆನ್ಸಿಯಾಗಿ, ಈಗ ರಾಜಭವನವಾಗಿದೆ. ರಾಜ್ಯ ಮರಳಿ ಕೊಡಿ ಎಂಬ ಮುಮ್ಮಡಿಯವರ ಮನವಿಗಳು ಲಂಡನ್ ತಲುಪಿ ಅಲ್ಲಿನ ಪಾರ್ಲಿಮೆಂಟಿನಲ್ಲೂ ಚರ್ಚೆಯಾದವು. 1857ರ ಪೆಟ್ಟು ತಿಂದಿದ್ದ ಬ್ರಿಟನ್ ಅರಸರನ್ನು ಕಳೆದುಕೊಳ್ಳುವುದಕ್ಕಿಂತ ಇಟ್ಟುಕೊಳ್ಳುವುದೇ ಕ್ಷೇಮ ಎಂಬ ಎಣಿಕೆಗೆ ಬಂದಿತ್ತು. 1867ರಲ್ಲಿ ಭಾರತ ಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟ್ ಮುಮ್ಮಡಿಯವರ ದತ್ತುಪುತ್ರನ ಹಕ್ಕನ್ನು ಮಾನ್ಯ ಮಾಡಿದರು.

1881ರ ಮಾರ್ಚ್ 25ರಂದು ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಅದನ್ನು ಔದಾರ್ಯವೆಂದು ಹೊಗಳಿದ ಬರಹಗಳು ಬೇಕಾದಷ್ಟಿವೆ. ಹಸ್ತಾಂತರದ ಪತ್ರವನ್ನು ಓದಿದರೆ ಬೇರೆ ಚಿತ್ರ ಕಾಣುತ್ತದೆ. ಪೊಗದಿ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿತು; 1876–78ರ ಕ್ಷಾಮದಿಂದ ಸಾಲದಲ್ಲಿ ಮುಳುಗಿದ್ದ ರಾಜ್ಯಕ್ಕೆ ಆ ಹೆಚ್ಚಳವನ್ನು ಕೆಲವು ವರ್ಷ ಮುಂದೂಡಿದ್ದೇ ದಯೆ. ಹೊಸ ಕೋಟೆ ಕಟ್ಟುವಂತಿಲ್ಲ, ಒಪ್ಪಿಗೆಯಿಲ್ಲದೆ ಆಯುಧ ತರಿಸುವಂತಿಲ್ಲ, ಸ್ವಂತ ನಾಣ್ಯ ಟಂಕಿಸುವಂತಿಲ್ಲ. ಇವಕ್ಕೆಲ್ಲ ಕಳಶವಿಟ್ಟಂತೆ, ಹಲಸೂರು, ಶಿವಾಜಿನಗರ ಸೇರಿದ ದಂಡು ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ವಶಕ್ಕೆ ಬರೆದುಕೊಟ್ಟದ್ದಾಯಿತು. ಅಲ್ಲಿ ರೆಸಿಡೆಂಟರ ಆಡಳಿತ, ಬೇರೆ ಕಾಯ್ದೆ, ಬೇರೆ ಕೋರ್ಟು, ಬೇರೆ ಪೊಲೀಸು. ಪೇಟೆಯಿಂದ ದಂಡಿಗೆ ನಡೆದು ಹೋದವನು ಒಂದು ಸರಕಾರದಿಂದ ಇನ್ನೊಂದು ಸರಕಾರದ ಕೈಗೆ ಹೋಗುತ್ತಿದ್ದ. ಅಲ್ಲಿ ವಾಸವಿದ್ದ ಸಾವಿರಾರು ಮಂದಿಯನ್ನು ಈ ಬಗ್ಗೆ ಯಾರೂ ಕೇಳಲಿಲ್ಲ.

ಈ ಕರಾರಿನ ವಿರುದ್ಧ ಮೈಸೂರು ನಡೆಸಿದ ವಾದ ತಾಳ್ಮೆಯದು, ಕಾಗದದ್ದು. 1913ರಲ್ಲಿ ಹಸ್ತಾಂತರ ಪತ್ರದ ಜಾಗದಲ್ಲಿ ಸಮಾನರ ನಡುವಿನ ಧಾಟಿಯ ಒಪ್ಪಂದ ಬಂತು. ಧಾಟಿ ಬದಲಾಯಿತು, ಪೊಗದಿ ಉಳಿಯಿತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಜೋಧಪುರದ ಸವಾರರೊಡನೆ ಹೈಫಾದಲ್ಲಿ ಹೋರಾಡಿದರು. ಒಂದು ಕಾಲಕ್ಕೆ ಸಿಲ್ಲೇದಾರರು ದಕ್ಖನ್ನಿನಲ್ಲಿ ತೆತ್ತದ್ದನ್ನು ಇವರು ಪ್ಯಾಲೆಸ್ತೀನಿನಲ್ಲಿ ತೆತ್ತರು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷ ವೈಸರಾಯ್ ಇರ್ವಿನ್ ಪೊಗದಿಯಲ್ಲಿ 10.5 ಲಕ್ಷ ಇಳಿಸಿದರು. ಅಂದರೆ 1799ರ ಅಂಕಿಗೆ ಮರಳಿದ್ದಷ್ಟೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಪೊಗದಿಯೇ ಅನ್ಯಾಯವೆಂದು ದುಂಡುಮೇಜಿನ ಪರಿಷತ್ತಿನ ಕಾಲದಲ್ಲಿ ವಾದಿಸಿದರು. ಕೊನೆಗೆ 1947ರ ಜುಲೈ 26ರಂದು ದಂಡು ಪ್ರದೇಶ ಮೈಸೂರಿಗೆ ಮರಳಿತು. ಆಗಸ್ಟ್ 15ರಂದು ಹಳೆಯ ಒಪ್ಪಂದಗಳೆಲ್ಲ ರದ್ದಾದವು. 1949ರಲ್ಲಿ ಪೇಟೆಯ ಮತ್ತು ದಂಡಿನ ಪುರಸಭೆಗಳು ಸೇರಿ ಬೆಂಗಳೂರು ಕಾರ್ಪೊರೇಷನ್ ಆಯಿತು.

ಅಷ್ಟರಲ್ಲಿ ದಂಡಿನ ಪೂರ್ವಕ್ಕೆ ಇನ್ನೊಂದು ಕಥೆ ಶುರುವಾಗಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರಕಾರದ ಜಮೀನು ಮತ್ತು ಬಂಡವಾಳದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್.ಎ.ಎಲ್.) ಕಟ್ಟಿದರು. ವಸಾಹತು ವಿಮಾನ ಕಟ್ಟುವುದರಲ್ಲಿ ಲಂಡನ್ನಿಗೆ ಉತ್ಸಾಹವಿರಲಿಲ್ಲ. ಜಪಾನೀಯರು ಬರ್ಮಾಕ್ಕೆ ನುಗ್ಗಿದ ಮೇಲೆ, 1942ರಲ್ಲಿ ಭಾರತ ಸರಕಾರ ಕಾರ್ಖಾನೆಯನ್ನು ವಹಿಸಿಕೊಂಡಿತು. 1943ರಿಂದ ಅದು ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು.

ಸ್ವಾತಂತ್ರ್ಯದ ನಂತರ ಬ್ರಿಟನ್ನಿನ ಕೈಯಲ್ಲಿ ಸೈನ್ಯದ ಬದಲು ಲೈಸೆನ್ಸ್ ಬಂತು. ವ್ಯಾಂಪೈರ್, ಆಮೇಲೆ 1956ರ ಒಪ್ಪಂದದಂತೆ ಫಾಲೆಂಡ್ ನ್ಯಾಟ್, ಬೆಂಗಳೂರಿನಲ್ಲೇ ತಯಾರಾದವು. ಕೆಲಸ ಇಲ್ಲಿಯದು, ನಕ್ಷೆ ಅಲ್ಲಿಯದು. ಇದನ್ನು ಮುರಿಯಲೆಂದೇ ಸರಕಾರ 1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರನ್ನು ಕರೆಸಿತು. ಅವರು ನಮ್ಮ ಎಂಜಿನಿಯರುಗಳೊಡನೆ ರೂಪಿಸಿದ ಎಚ್.ಎಫ್.-24 ಮರುತ್ 1961ರ ಜೂನ್ 17ರಂದು ಮೊದಲ ಸಲ ಹಾರಿತು. ಮೈಕಟ್ಟು ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪುಗೊಂಡಿತ್ತು. ಅದಕ್ಕೆ ಬೇಕಿದ್ದದ್ದು ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಜಿನ್. ಬ್ರಿಟನ್ನಿನ ಸ್ವಂತ ವಾಯುಪಡೆಗೆ ಆ ಎಂಜಿನ್ ಬೇಕಾಗಲಿಲ್ಲ, ನೇಟೋ ಕೈಬಿಟ್ಟಿತು. ಬೇಕೆಂದರೆ ಅಭಿವೃದ್ಧಿಯ ಖರ್ಚನ್ನು ಭಾರತವೇ ಹೊರಬೇಕೆಂದು ಬ್ರಿಟಿಷರು ಕೇಳಿದರು, ದೆಹಲಿ ಒಪ್ಪಲಿಲ್ಲ. ಹೀಗೆ ಮರುತ್‌ಗೆ ನ್ಯಾಟ್‌ನ ಆರ್ಫಿಯಸ್ ಕುಟುಂಬದ ಎಂಜಿನ್ನುಗಳನ್ನೇ ಎರಡೆರಡು ಜೋಡಿಸಲಾಯಿತು. ಒಂದೊಂದರ ತಳ್ಳುಬಲ ಸುಮಾರು 2,200 ಕಿಲೊ. ವಿಮಾನ ಶಬ್ದದ ವೇಗದ ಅಂಚಿನಲ್ಲೇ ನಿಂತಿತು. ಸೋವಿಯತ್ ಎಂಜಿನ್ ನೋಡಿದರು, ಈಜಿಪ್ಟಿನ ಎಂಜಿನ್ ಕೂಡಿಸಿ 1967ರಲ್ಲಿ ಅಲ್ಲಿ ಹಾರಿಸಿದರು. ಯಾವುದೂ ಕೈಗೂಡಲಿಲ್ಲ. 1970ರ ಜನವರಿಯಲ್ಲಿ ಮರುತ್‌ನ ಪರೀಕ್ಷಾ ಹಾರಾಟದಲ್ಲೇ ಸುರಂಜನ್ ದಾಸ್ ಜೀವ ಬಿಟ್ಟರು. 1961ರಲ್ಲಿ ಅದನ್ನು ಮೊದಲು ಹಾರಿಸಿದವರೂ ಅವರೇ. ವಿಮಾನಪುರದ ಬಳಿಯ ರಸ್ತೆಗೆ ಅವರ ಹೆಸರಿದೆ. ದಿನಾ ಅಲ್ಲಿ ಓಡಾಡುವವರಿಗೆ ಅವರು ಯಾರೆಂದು ತಿಳಿಸುವ ಫಲಕವೊಂದು ಬೇಕು.

ಮರುತ್ ಸೊರಗಿದ್ದಕ್ಕೆ ಬ್ರಿಟನ್ನೊಂದನ್ನೇ ದೂರುವುದು ನ್ಯಾಯವಲ್ಲ. ಎಂಜಿನ್‌ಗೆ ಹಣ ಹೂಡುವ ಧೈರ್ಯ ದೆಹಲಿಗೂ ಇರಲಿಲ್ಲ. ಆದರೆ ಇನ್ನೊಬ್ಬರ ಎಂಜಿನ್ ನಂಬಿದರೆ ಅವರ ರಾಜತಂತ್ರಕ್ಕೂ ಕಟ್ಟುಬೀಳಬೇಕಾಗುತ್ತದೆ ಎಂಬ ಪಾಠ ಆ ವರ್ಷಗಳಲ್ಲೇ ಮತ್ತೆ ಮತ್ತೆ ಬಂತು. 1962ರಲ್ಲಿ ಭಾರತ ಮಿಗ್-21ರತ್ತ ತಿರುಗಿದಾಗ ಬ್ರಿಟನ್ ತಡೆಯಲು ಯತ್ನಿಸಿತು. ಚೀನಾ ಯುದ್ಧದ ನಂತರ ಆಯುಧ ಕಳುಹಿಸಿದ್ದೂ ನಿಜ. ಜೊತೆಗೇ ಮಂತ್ರಿ ಡಂಕನ್ ಸ್ಯಾಂಡಿಸ್ ದೆಹಲಿಗೆ ಬಂದು, ಕಾಶ್ಮೀರದ ಬಗ್ಗೆ ಪಾಕಿಸ್ತಾನದೊಡನೆ ಮಾತಿಗೆ ಕೂರುವಂತೆ ನೆಹರೂ ಮೇಲೆ ಒತ್ತಡ ಹೇರಿದರು. 1965ರ ಸೆಪ್ಟೆಂಬರಿನಲ್ಲಿ ಯುದ್ಧ ಹೊತ್ತಿದಾಗ ಆಯುಧ ರವಾನೆ ನಿಂತಿತು.

ಎಪ್ಪತ್ತರ ದಶಕದ ಕೊನೆಗೆ ಗಾಳಿ ಬದಲಾಯಿತು. ಸ್ವೀಡನ್ನಿನ ವಿಗ್ಗನ್ ವಿಮಾನವನ್ನು ಭಾರತಕ್ಕೆ ಮಾರದಂತೆ ಅಮೆರಿಕ ತಡೆಯಿತು, ಏಕೆಂದರೆ ಅದರ ಎಂಜಿನ್ ಮೂಲ ಅಮೆರಿಕದ್ದು. ಅದರ ಬದಲು ಬ್ರಿಟನ್–ಫ್ರಾನ್ಸ್ ಜಂಟಿ ಜಾಗ್ವಾರ್ ಬಂತು. ಅದರ ಅಡೋರ್ ಎಂಜಿನ್ ಎಚ್.ಎ.ಎಲ್.ನಲ್ಲಿ ತಯಾರಾಯಿತು. 2004ರಲ್ಲಿ ಹಾಕ್ ತರಬೇತಿ ವಿಮಾನ, 66ರಲ್ಲಿ 42 ಬೆಂಗಳೂರಿನಲ್ಲೇ ಕಟ್ಟುವಂತೆ. ಇವು ಕೆಲಸ ಕೊಟ್ಟವು, ಕೈಚಳಕ ಕೊಟ್ಟವು. ಹೊಸ ಎಂಜಿನ್ನೊಂದನ್ನು ಮೊದಲ ಗೆರೆಯಿಂದ ರೂಪಿಸುವ ವಿದ್ಯೆ ಕೊಡಲಿಲ್ಲ. ಆ ವಿದ್ಯೆಗಾಗಿ ಸಿ.ವಿ. ರಾಮನ್ ನಗರದ ಎಂಜಿನ್ ಸಂಶೋಧನಾ ಸಂಸ್ಥೆ ಜಿ.ಟಿ.ಆರ್.ಇ. ಕಾವೇರಿ ಎಂಜಿನ್ ಹಿಡಿದು ಕೂತಿತು. 2001ರ ಜನವರಿ 4ರಂದು ಎಚ್.ಎ.ಎಲ್. ನಿಲ್ದಾಣದಿಂದ ಹಾರಿದ ಹಗುರ ಯುದ್ಧವಿಮಾನದಲ್ಲಿ ಮಾತ್ರ ಅಮೆರಿಕದ ಎಂಜಿನ್ ಇತ್ತು. ಮುಂದೆ ತೇಜಸ್ ಎನಿಸಿದ ಆ ವಿಮಾನ 2025ರಲ್ಲೂ ಅದರ ಸರಬರಾಜಿಗೆ ಕಾಯುತ್ತಿತ್ತು.

ಫ್ರಾನ್ಸಿನ ನಡೆ ಬೇರೆ. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅದು ನಿರ್ಬಂಧಕ್ಕೆ ಕೈಜೋಡಿಸಲಿಲ್ಲ. 2025ರ ಆಗಸ್ಟಿನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಫ್ರಾನ್ಸಿನ ಸಫ್ರಾನ್ ಜೊತೆ ಭಾರತದಲ್ಲೇ ಯುದ್ಧವಿಮಾನದ ಎಂಜಿನ್ ಮಾಡುವ ಮಾತು ಹೇಳಿದರು. ಬ್ರಿಟನ್ನಿನ ಇಂದಿನ ಮಾತನ್ನು ಈ ಪೈಪೋಟಿಯ ನಡುವೆ ಇಟ್ಟು ನೋಡಬೇಕು. 2021ರ ಮಾರ್ಚಿನಲ್ಲಿ ಅದು ತನ್ನ ಸಮಗ್ರ ಪರಾಮರ್ಶೆಯಲ್ಲಿ ಇಂಡೋ-ಪೆಸಿಫಿಕ್ ಕಡೆ ವಾಲುವುದಾಗಿ ಸಾರಿತು. ಮೇ 4ರಂದು ಭಾರತದೊಡನೆ 2030ರ ಮಾರ್ಗಸೂಚಿ ಒಪ್ಪಿತು. 2022ರಲ್ಲಿ ಬೋರಿಸ್ ಜಾನ್ಸನ್ ರಫ್ತು ಪರವಾನಗಿ ಸಡಿಲಿಸುವ ಭರವಸೆ ಕೊಟ್ಟರು. ಯುರೋಪಿನ ಒಕ್ಕೂಟದಿಂದ ಹೊರಬಂದ ದೇಶಕ್ಕೆ ಭಾರತ ಬೇಕಾಗಿದೆ. 1799ರಂತೆ ಇಂದು ಒಂದೇ ಕಡೆ ಬಲವಿಲ್ಲ, ನಾವು ಚೌಕಾಸಿ ಮಾಡಬಲ್ಲೆವು.

ಚೌಕಾಸಿ ಮಾಡಬೇಕಾದ್ದು ಬೆಲೆಯ ಮೇಲಲ್ಲ. ಎಂಜಿನ್ನಿನ ನಕ್ಷೆಯ ಒಡೆತನ ಯಾರದು, ಬಿಸಿ ಭಾಗದ ಲೋಹವಿದ್ಯೆ ಬರುತ್ತದೆಯೇ, ಮೂರನೆಯ ದೇಶಕ್ಕೆ ಮಾರುವಾಗ ಯಾರ ಅಪ್ಪಣೆ ಬೇಕು, ಯುದ್ಧ ಬಂದರೆ ಬಿಡಿಭಾಗ ನಿಲ್ಲುತ್ತದೆಯೇ, ಇವು ಕಲಮುಗಳಾಗಿ ಕಾಗದದ ಮೇಲೆ ಬರಬೇಕು. ನಮ್ಮಲ್ಲಿ ಇಂಥ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಹಾಗಿದ್ದರೂ ಲಂಡನ್ನಿನೊಡನೆಯಾಗಲಿ ಪ್ಯಾರಿಸ್ಸಿನೊಡನೆಯಾಗಲಿ ಎಂಜಿನ್ ಕರಾರಿಗೆ ಸಹಿ ಬೀಳುವ ಮೊದಲು ಅದರ ಮುಖ್ಯ ಷರತ್ತುಗಳನ್ನು ಸಂಸತ್ತಿನ ಮುಂದಿಡುವಂತೆ ಕರ್ನಾಟಕದ ಸಂಸದರು, ಪಕ್ಷ ನೋಡದೆ, ಒತ್ತಾಯಿಸಬೇಕು. ಕೆಲಸ ನಡೆಯುವುದು ಬಹುಮಟ್ಟಿಗೆ ಅವರ ರಾಜಧಾನಿಯಲ್ಲೇ.