ಹಾನಗಲ್ಲ ಸೀಮೆಯ ಕಲ್ಲುಗಳು: ಮಳೆಗಾಲದ ಓದು, ಚಳಿಗಾಲದ ತಿದ್ದುಪಡಿ

"ಹಾನಗಲ್ಲ ಕಡೆ ಶಾಸನ ನೋಡೋಕೆ ಯಾವಾಗ ಹೋದ್ರೆ ಒಳ್ಳೇದು?" ಅಂತ ಕೇಳಿದವರಿಗೆ ನಾನು ಮೊದಲೆಲ್ಲ "ಶ್ರಾವಣದಲ್ಲಿ ಹೋಗಿ, ಹಸಿರು ಕಣ್ತುಂಬುತ್ತೆ" ಅಂತಿದ್ದೆ. ಫೋಟೋ ತೆಗೆಯುವವರಿಗೆ ಅದು ಸರಿಯಾದ ಸಲಹೆಯೇ. ಕಲ್ಲು ಓದುವವರಿಗಲ್ಲ. ಇದು ನನಗೆ ತಿಳಿದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಆ ತಪ್ಪು ಈಗಲೂ ಒಂದು ಊರಿನ ಗುಡಿಯ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿದೆ.

ಕರಾವಳಿಯಲ್ಲಿ ಹುಟ್ಟುವ ಮಳೆ ಘಟ್ಟ ಹತ್ತಿ, ಶಿರಸಿ ದಾಟಿ ಹಾನಗಲ್ಲಿಗೆ ಬರುವಷ್ಟರಲ್ಲಿ ಜೋರು ಕಳೆದುಕೊಂಡಿರುತ್ತದೆ. ಶಿಗ್ಗಾವಿ ದಾಟಿ ಸವಣೂರಿಗೆ ಹೋದರೆ ಇನ್ನೂ ತೆಳು. ಹಾನಗಲ್ಲ ಅರೆಮಲೆನಾಡು: ಭತ್ತದ ಗದ್ದೆ, ಮಾವಿನ ತೋಪು, ಊರಿಗೊಂದು ಕೆರೆ, ಕೆರೆ ಏರಿಯ ಮೇಲೆ ಸಾಲು ವೀರಗಲ್ಲು. ಶಾಸನಗಳಲ್ಲಿ ಇದು ಪಾನುಂಗಲ್ಲು ಐನೂರು, ಬನವಾಸಿ ಪನ್ನಿರ್ಛಾಸಿರದ ಮಗ್ಗುಲಿನ ನಾಡು. ಕದಂಬರ ಒಂದು ಕವಲು ಗೋವೆಯಲ್ಲಿ ಸಮುದ್ರ ನೋಡಿಕೊಂಡು ಆಳಿತು, ಇನ್ನೊಂದು ಕವಲು ಘಟ್ಟದ ಮೇಲೆ ಇಲ್ಲಿ. ಪ್ರವಾಸಿಗರು ಗೋವೆಗೆ ಹೋಗ್ತಾರೆ, ಇರಲಿ.

ನಾನು ಮೊದಲು ಬಂದದ್ದು ಒಂದು ಆಗಸ್ಟ್‌ನಲ್ಲಿ, ಮಘೆ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿದ್ದಾಗ. ತಾರಕೇಶ್ವರ ಗುಡಿ ನೋಡಿ, ಆ ಅಷ್ಟಕೋನದ ಕಮಲದ ಛಾವಣಿಯ ಕೆಳಗೆ ಕತ್ತು ನೋಯುವ ತನಕ ನಿಂತು, ಮಧ್ಯಾಹ್ನದ ಮೇಲೆ ಹತ್ತಿರದ ಒಂದು ಹಳ್ಳಿಗೆ ಹೋದೆ. ಊರಿನ ಹೆಸರು ಬೇಡ. ಕೆರೆ ಏರಿಯ ಕೆಳಗೆ ಮೂರು ಹಂತದ ವೀರಗಲ್ಲು, ದಕ್ಷಿಣಕ್ಕೆ ಮುಖ. ಕೆಳಗೆ ತುರು ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಪಟ್ಟಿಗಳ ಮೇಲೆ ಹನ್ನೆರಡನೇ ಶತಮಾನದ ದುಂಡು ಅಕ್ಷರ. ಕಲ್ಲಿಗೆ ಪಾಚಿ ಹತ್ತಿ ವೆಲ್ವೆಟ್ ಹೊದಿಸಿದ ಹಾಗಿತ್ತು.

ಪಡಿಯಚ್ಚು ತೆಗೆಯೋಣ ಅಂದರೆ ಕಾಗದ ಒಣಗಲಿಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ: ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು, ಅಕ್ಷರದ ಕುಳಿಯೊಳಗೆ ಕೂರಿಸಿ, ಅರೆ ಒಣಗಿದ ಮೇಲೆ ಮಸಿ ಹಚ್ಚಬೇಕು. ಮಳೆಗಾಲದಲ್ಲಿ ಕಾಗದ ಮುದ್ದೆಯಾಗುತ್ತದೆ, ಮಸಿ ಹರಡುತ್ತದೆ. ಕಡು ಬೇಸಿಗೆಯಲ್ಲಿ ಉಲ್ಟಾ, ಬಡಿದು ಮುಗಿಸುವ ಮೊದಲೇ ಒಣಗಿ ಅಂಚು ಎದ್ದು ನಿಲ್ಲುತ್ತದೆ. ಪಾಚಿಯನ್ನು ಉಜ್ಜಿ ಕೀಳುವ ಹಾಗಿಲ್ಲ, ಅದರ ಜೊತೆ ಕಲ್ಲಿನ ಪದರವೂ ಬರುತ್ತದೆ. ಹಾಗಾಗಿ ಕಣ್ಣಲ್ಲೇ ಓದಿದೆ. ಶಕವರ್ಷದ ಅಂಕಿಗಳು ಸಿಕ್ಕವು, ಕೊನೆಯದು ೩ ಅಂತ ಕಂಡಿತು. ಸಂವತ್ಸರದ ಹೆಸರು ಇರಬೇಕಾದ ಜಾಗದಲ್ಲಿ ಬರೀ ಹಸಿರು. ಶಕಕ್ಕೆ 78 ಕೂಡಿಸಿ ಇಸವಿ ಹೇಳಿಬಿಟ್ಟೆ.

ಅಲ್ಲೇ ಕಟ್ಟೆ ಮೇಲೆ ಕೂತಿದ್ದ ಅಜ್ಜ ಒಬ್ಬರು, "ಈಗ ಬಂದ್ರ ಏನ್ ಕಾಣ್ತೈತ್ರಿ ಸರ? ಸಂಕ್ರಾಂತಿ ಮುಂದ ಬರ್ರಿ, ಕಲ್ಲು ತಾನ ಮಾತಾಡತೈತಿ" ಅಂದರು. ನಾನು ನಕ್ಕು ಸುಮ್ಮನಾದೆ. ಗುಡಿ ಕಮಿಟಿಯವರು ಜಾತ್ರೆಗೆ ಮುಂಚೆ ಬೋರ್ಡ್ ಬರೆಸಬೇಕು, ಇಸವಿ ಬೇಕು ಅಂದರು. ಕೊಟ್ಟೆ.

ಸಂವತ್ಸರ ಓದದೆ ಇಸವಿ ಹೇಳಬಾರದು ಅನ್ನುವುದು ಈ ವಿದ್ಯೆಯಲ್ಲಿ ಮೊದಲ ಪಾಠ. ಇದಕ್ಕೆ ಒಳ್ಳೆಯ ಉದಾಹರಣೆ ಇದೇ ಸೀಮೆಯಲ್ಲಿದೆ. ಶಿಗ್ಗಾವಿ ತಾಲೂಕಿನ ಬಂಕಾಪುರ, ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರಿನ ಊರು. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ನಡೆಯಿತು ಅಂತ ಆ ಗ್ರಂಥದ ಪ್ರಶಸ್ತಿಯಲ್ಲಿದೆ. ಕಾಲ ಶಕ 820, ಪಿಂಗಳ ಸಂವತ್ಸರ. 78 ಕೂಡಿಸಿದರೆ 898. ಆದರೆ ಪಿಂಗಳ ಬೀಳುವುದು 897ರಲ್ಲಿ. ಅಂದರೆ ಬರೆದವರು ಕಳೆದ ವರ್ಷ ಎಣಿಸದೆ ನಡೆಯುತ್ತಿದ್ದ ವರ್ಷವನ್ನು ಎಣಿಸಿದ್ದಾರೆ. ಕೆಲವು ಪುಸ್ತಕಗಳಲ್ಲಿ 897, ಕೆಲವದರಲ್ಲಿ 898 ಕಂಡರೆ ಗಾಬರಿಯಾಗಬೇಡಿ, ಕಾರಣ ಇಷ್ಟೇ. ಅಂಕಿ ಜಾರುತ್ತದೆ, ಸಂವತ್ಸರ ಅದನ್ನು ಹಿಡಿದು ನಿಲ್ಲಿಸುತ್ತದೆ. ಇದನ್ನೆಲ್ಲ ಬಂಕಾಪುರದ ಅರವತ್ತು ಕಂಬದ ಗುಡಿಯಲ್ಲಿ ಗೆಳೆಯರಿಗೆ ಪಾಠ ಮಾಡಿದವನೂ ನಾನೇ! ಹೊರಗೆ ಕೋಟೆಯೊಳಗಿನ ನವಿಲುಗಳು ಕೂಗುತ್ತಿದ್ದವು, ನಗುತ್ತಿದ್ದವೋ ಏನೋ.

ಎರಡನೇ ಸಲ ಹೋದದ್ದು ಏಪ್ರಿಲ್ ಕೊನೆಗೆ. ನೀರು ಇಳಿದಿರುವುದರಿಂದ ತೂಬಿನ ಕಲ್ಲು, ಕೆರೆಯಂಗಳದಲ್ಲಿ ಬಿದ್ದ ಕಲ್ಲು ನೋಡಲು ಬೇಸಿಗೆಯೇ ಕಾಲ. ಹಾನಗಲ್ಲಿನ ಆನೆಕೆರೆಯ ದಂಡೆಯ ಮೇಲೆ ಬಹಳ ಹೊತ್ತು ನಿಂತೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಬೀಡು ಬಿಟ್ಟದ್ದು ಈ ಕೆರೆಯ ಬಳಿ. ಕದಂಬ ಕಾಮದೇವನ ಸೇನಾನಿ ಸೋಹಣಿ ಹೋರಾಡಿ ಸತ್ತ, ಬಲ್ಲಾಳ ಆ ಸಲ ಹಿಂದಿರುಗಬೇಕಾಯಿತು. ಈ ಸಂಗತಿ ನಮಗೆ ಗೊತ್ತಾದದ್ದು ಹಾನಗಲ್ಲಿನ ಒಂದು ವೀರಗಲ್ಲಿನಿಂದ, ಅದನ್ನು ಲೋಕಕ್ಕೆ ತಿಳಿಸಿದವನು ಫ್ಲೀಟ್. ಗೆದ್ದ ರಾಜರ ಪ್ರಶಸ್ತಿಗಳಲ್ಲಿ ಇಂಥ ಹಿನ್ನಡೆಗಳು ಸಿಗುವುದಿಲ್ಲ, ಸತ್ತವನ ಊರಿನವರು ನಿಲ್ಲಿಸಿದ ಕಲ್ಲಿನಲ್ಲಿ ಸಿಗುತ್ತವೆ. "ಒಂದು ವರ್ಷ ಆಕಡೆ ಈಕಡೆ ಆದ್ರೆ ಏನಾಯ್ತು?" ಅನ್ನುವವರಿಗೆ ಆನೆಕೆರೆಯೇ ಉತ್ತರ. ಆ ಕಾಲದ ಒಬ್ಬ ಆಳು ಮುತ್ತಿಗೆಗೆ ಮುಂಚೆ ಸತ್ತನೋ ಆಮೇಲೋ ಅನ್ನುವುದು ಒಂದೇ ವರ್ಷದ ಮಾತು. ನನ್ನ ಹಳ್ಳಿಯ ಕಲ್ಲು ಆ ಯುದ್ಧದ್ದಲ್ಲ, ದನ ಬಿಡಿಸಲು ಹೋಗಿ ಸತ್ತವನದು. ಆದರೂ ಅವನಿಗೆ ಉಳಿದಿರುವುದು ಆ ಒಂದು ತೇದಿ.

ಸವಣೂರಿನಲ್ಲಿ ಶಾಸನಕ್ಕಿಂತ ದೊಡ್ಡಹುಣಸೆ ಮರಗಳನ್ನೇ ನೋಡಿದ್ದು. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಉರುಳಿ, ಅದನ್ನು ಎತ್ತಿ ಮತ್ತೆ ನೆಟ್ಟರು. ಖಾರ ಕಟ್ಟಿಸಿಕೊಂಡು ಹಿರೇಕೆರೂರಿನ ದಾರಿ ಹಿಡಿದೆ.

ಹಿರೇಕೆರೂರು ತಾಲೂಕಿನ ಅಬ್ಬಲೂರು ನಿಮಗೆಲ್ಲ ಗೊತ್ತು, ಏಕಾಂತದ ರಾಮಯ್ಯನ ಶಾಸನದ ಊರು. ತಲೆ ಅರಿದು ಶಿವನಿಗೊಪ್ಪಿಸಿ ಏಳು ದಿನಕ್ಕೆ ಮರಳಿ ಪಡೆದ ಕಥೆ, ಬಿಜ್ಜಳ ಕೊಟ್ಟ ಜಯಪತ್ರ, ಕೊನೆಗೆ ಇದೇ ಕಾಮದೇವನ ದತ್ತಿ. ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದ ಐದನೇ ಸಂಪುಟದಲ್ಲಿ ಇದನ್ನು ಪ್ರಕಟಿಸಿದ. ಆ ಪ್ರಸಿದ್ಧ ಶಾಸನಕ್ಕೆ ತೇದಿಯೇ ಇಲ್ಲ! ಹೆಸರು ಬಂದ ರಾಜರನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು ಸುಮಾರು 1200 ಅಂತ ಅಂದಾಜು ಮಾಡಿದ್ದಾರೆ. ಅಂಥಾ ಶಾಸನಕ್ಕೆ ಇಲ್ಲದ ಭಾಗ್ಯ ನನ್ನ ದನಗಾಹಿಗಿದೆ, ನಾನು ಅದನ್ನು ಕೆಡಿಸಿದೆನಾ ಅಂತ ಅವತ್ತು ಮೊದಲ ಸಲ ಅನುಮಾನ ಬಂತು.

ಕಡೆಗೂ ಅಜ್ಜನ ಮಾತಿನಂತೆ ಸಂಕ್ರಾಂತಿಗೆ ಹೋದೆ. ಈ ನಾಡಿನ ದಾನಶಾಸನಗಳಲ್ಲಿ "ಉತ್ತರಾಯಣ ಸಂಕ್ರಮಣ" ಎಷ್ಟು ಸಲ ಬರುತ್ತದೆಂದರೆ, ಆ ದಿನ ಗುಡಿಯಲ್ಲಿ ನಿಂತರೆ ದಾನ ಕೊಟ್ಟವರ ಪಕ್ಕದಲ್ಲೇ ನಿಂತ ಹಾಗನ್ನಿಸುತ್ತದೆ. ಅದೂ ಪೂರ್ತಿ ನಿಜವಲ್ಲ. ಚಾಲುಕ್ಯರ ಕಾಲದಲ್ಲಿ ಸಂಕ್ರಮಣ ಬೀಳುತ್ತಿದ್ದದ್ದು ಆಗಿನ ಲೆಕ್ಕದ ಡಿಸೆಂಬರ್ 24-25ಕ್ಕೆ, ಈಗಿನ ಕ್ಯಾಲೆಂಡರಿಗೆ ತಂದರೆ ಡಿಸೆಂಬರ್ ಕೊನೆಗೆ. ನಮ್ಮ ಪಂಚಾಂಗದ ನಿರಯನ ವರ್ಷ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದಂತೆ ಋತುವಿನಿಂದ ಸರಿಯುತ್ತಾ ಬಂದು ಈಗ ಎರಡು ವಾರ ತಡವಾಗಿದೆ.

ಬೆಳಿಗ್ಗೆ ಎಂಟು ಗಂಟೆ. ಬೇಸಿಗೆಯಲ್ಲಿ ಸೂರ್ಯ ಉತ್ತರಕ್ಕೆ ವಾಲಿ ಹುಟ್ಟುವುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಕಲ್ಲಿಗೆ ಎಳೆ ಬಿಸಿಲು ತಾಗುವುದೇ ಇಲ್ಲ. ಜನವರಿಯಲ್ಲಿ ಆಗ್ನೇಯದಿಂದ ಕಲ್ಲಿನ ಮೈ ಸವರಿಕೊಂಡು ಬರುತ್ತದೆ. ಪಾಚಿ ಒಣಗಿ ಕಪ್ಪು ಹುಡಿಯಾಗಿತ್ತು, ಮೆತ್ತನೆ ಬ್ರಷ್‌ಗೆ ಉದುರಿತು. ಮೊದಲು ಕಂಡದ್ದು ಸಂವತ್ಸರದ ಹೆಸರು, ಒಂದೊಂದು ಅಕ್ಷರಕ್ಕೂ ಅಂಚಿನಲ್ಲಿ ಕಪ್ಪು ನೆರಳು. ನಾನು ಕೊಟ್ಟ ಇಸವಿಗೆ ಅದು ಕೂಡಲಿಲ್ಲ, ಒಂದು ವರ್ಷ ಹಿಂದಿತ್ತು. ಕೊನೆಯ ಅಂಕಿ ನೋಡಿದೆ. ಉಳಿಯ ಗೆರೆಗೆ ಉದ್ದಕ್ಕೂ ಒಂದೇ ಆಳ ಇರುತ್ತದೆ, ನೆರಳೂ ಒಂದೇ ಸಮ. ನಾನು ೩ರ ಬಾಲ ಅಂದುಕೊಂಡದ್ದರಲ್ಲಿ ನೆರಳೇ ಇರಲಿಲ್ಲ. ಅದು ಚಕ್ಕೆ ಎದ್ದ ಜಾಗ, ಮಳೆಗಾಲದಲ್ಲಿ ಪಾಚಿ ತುಂಬಿ ಗೆರೆಯಾಗಿ ಕಂಡಿತ್ತು. ಅಂಕಿ ೨.

ಒಂದು ಗಳಿಗೆ ಆಸೆಯಾಯಿತು. ಉತ್ತರಪುರಾಣದ ಹಾಗೆ ಇದೂ ನಡೆಯುವ ವರ್ಷದ ಎಣಿಕೆ, ಅಂಕಿ ೩ ಸರಿಯೇ ಅಂತ ವಾದಿಸಿದರೆ ಓದಿನ ಮಾನವಾದರೂ ಉಳಿಯುತ್ತೆ! ನೆರಳು ಬಿಡಲಿಲ್ಲ.

ಕಮಿಟಿಯವರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ಯಾರೂ ಬೈಯಲಿಲ್ಲ, ಚಹಾ ಕೊಟ್ಟರು. ಆಗ ಒಬ್ಬ ಹುಡುಗ, "ಸರ, ಬೋರ್ಡ್ ಬರೆಯೋ ಪೇಂಟರ್‌ನ ಕರೆಸಿ ಕಲ್ಲಿನ ಅಕ್ಷರಕ್ಕೂ ಬಿಳಿ ಬಣ್ಣ ತುಂಬಿಸ್ಬೇಕಂತ ಹೋದ ವರ್ಷಾನ ಮಾಡಿದ್ವಿ, ರೊಕ್ಕ ಸಾಲಲಿಲ್ಲ" ಅಂದ. ತುಂಬಿಸಿದ್ದರೆ ಆ ಚಕ್ಕೆಯೂ ಬಿಳಿಯಾಗಿ, ನನ್ನ ೩ ಕಲ್ಲಿನ ಮೇಲೇ ಕೂತುಬಿಡುತ್ತಿತ್ತು. ಬಣ್ಣ ಬೇಡ, ಎಣ್ಣೆ ಬೇಡ, ಸುಣ್ಣವೂ ಬೇಡ ಅಂತ ಕೈಮುಗಿದು ಬಂದಿದ್ದೇನೆ. ಬೋರ್ಡಿನ ಇಸವಿ ತಿದ್ದಲು ಪೇಂಟರ್ ಯುಗಾದಿ ಮುಗಿಸಿ ಬರ್ತಾನಂತೆ.